ಹೋದ ನೀರು ಎಲ್ಲಿಗೆ ಹೋಯಿತು?

ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಓಡಾಡುವ ಹಳೆಯ ಕಾರುಗಳ ಡಿಕ್ಕಿ ತೆಗೆದು ನೋಡಿ. ಸ್ಟೆಪ್ನಿ, ಜಾಕಿ, ಗ್ರೀಸು ಮೆತ್ತಿದ ಟವೆಲ್ಲು, ಪಕ್ಕದಲ್ಲಿ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಬಾಟಲಿಯಲ್ಲಿರುವುದು ಬೋರ್ ನೀರು, ಎಂಜಿನ್ನಿಗೆಂದು ಇಟ್ಟದ್ದು. ಡ್ಯಾಶ್‌ಬೋರ್ಡಿನಲ್ಲಿ ಕೂಲೆಂಟ್ ದೀಪ ಹತ್ತಿಕೊಂಡರೆ ಗಾಡಿಯನ್ನು ಹೊಂಗೆಮರದ ನೆರಳಿಗೆ ಒತ್ತರಿಸಿ, ಬಾನೆಟ್ ಎತ್ತಿ, ಬಾಟಲಿ ಬಗ್ಗಿಸುತ್ತಾರೆ. ದೀಪ ಆರುತ್ತದೆ, ಗಾಡಿ ಮುಂದಕ್ಕೆ ಹೋಗುತ್ತದೆ. ‘ಗಾಡಿ ಒಸಿ ನೀರ್ ಕುಡೀತದೆ ಕಣಣ್ಣ, ವಾರಕ್ಕೊಂದ್ ಕಿತ ಉಯ್ದ್ರೆ ಸರಿಯೋಯ್ತದೆ’ ಎಂಬ ಮಾತನ್ನು ಈ ಸೀಮೆಯಲ್ಲಿ ಕೇಳದವರು ಕಡಿಮೆ.

ಎಂಜಿನ್ ನೀರು ಕುಡಿಯುವುದಿಲ್ಲ. ಪೆಟ್ರೋಲು, ಡೀಸೆಲ್ಲು ಉರಿದು ಖರ್ಚಾಗುತ್ತವೆ. ಎಂಜಿನ್ ಆಯಿಲ್ ಕೂಡ ಒಂದಿಷ್ಟು ಸುಟ್ಟುಹೋಗುತ್ತದೆ. ಕೂಲೆಂಟ್ ಹಾಗಲ್ಲ. ಅದು ಎಂಜಿನ್ನಿನ ಮೈಯೊಳಗಿನ ಕಾಲುವೆಗಳಲ್ಲಿ ಹರಿದು, ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಬಂದು, ಅಲ್ಲಿ ಗಾಳಿಗೆ ಬಿಸಿಯನ್ನು ಬಿಟ್ಟು ಮತ್ತೆ ಎಂಜಿನ್ನಿಗೇ ಮರಳುವ ದ್ರವ. ಇಡೀ ದಾರಿ ಮುಚ್ಚಿದ್ದು. ಸರಿಯಾಗಿರುವ ಕಾರಿನಲ್ಲಿ ಅದರ ಮಟ್ಟ ತಿಂಗಳುಗಟ್ಟಲೆ ಹೆಚ್ಚುಕಡಿಮೆ ಅದೇ ಗೆರೆಯ ಹತ್ತಿರವೇ ನಿಂತಿರುತ್ತದೆ. ಒಂದು ವಾರದಲ್ಲಿ ಅರ್ಧ ಲೀಟರು ಇಳಿಯಿತು ಎಂದರೆ ಎಲ್ಲೋ ಒಂದು ಕಡೆ ಅದು ಹೊರಗೆ ಬರುತ್ತಿದೆ, ಇಲ್ಲವೇ ಎಂಜಿನ್ನಿನ ಒಳಗೇ ಹೋಗಬಾರದ ಜಾಗಕ್ಕೆ ಹೋಗುತ್ತಿದೆ. ನೀರು ಹುಯ್ದು ದೀಪ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದ್ದದ್ದು ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಕೇಳದೆ ವರ್ಷಗಟ್ಟಲೆ ಬಾಟಲಿ ಬಗ್ಗಿಸಿದ ಕಾರುಗಳೇ ಕೊನೆಗೆ ಹೆಡ್ ಬಿಚ್ಚಿಸಿಕೊಂಡು ಗ್ಯಾರೇಜಿನ ಮೂಲೆಯಲ್ಲಿ ನಿಲ್ಲುತ್ತವೆ. ಕೆಲವು ನೂರು ರೂಪಾಯಿಯ ರಬ್ಬರ್ ಪೈಪು ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಹತ್ತಾರು ಸಾವಿರಕ್ಕೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಬ್ಬಿನ ಬಿಲ್ಲಿಗೆ ಕಾದು, ಸಾಲ ಎತ್ತಿ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕಾರು ಅದು.

ಯಾವ ದೀಪ ಎಂದು ಮೊದಲು ನೋಡಿ

ದೀಪಗಳಲ್ಲಿ ಬೇರೆಬೇರೆ ಬಗೆಗಳಿವೆ. ಥರ್ಮಾಮೀಟರು ಅಲೆಯ ಮೇಲೆ ನಿಂತಂತೆ ಕಾಣುವ ಚಿತ್ರ ನೀಲಿ ಬಣ್ಣದಲ್ಲಿ ಹತ್ತಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ ಅರ್ಥ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೋಗುತ್ತದೆ, ಹೆದರಬೇಕಿಲ್ಲ. ಅದೇ ಚಿತ್ರ ಕೆಂಪಾಗಿದ್ದರೆ ಬಿಸಿ ಮಿತಿ ಮೀರಿದೆ. ಕೆಲವು ಕಾರುಗಳಲ್ಲಿ ಇದರ ಜೊತೆಗೆ ಕೂಲೆಂಟ್ ಮಟ್ಟ ಇಳಿದಿದೆ ಎಂದು ಹೇಳುವ ಬೇರೆಯದೇ ದೀಪವಿರುತ್ತದೆ. ನಮ್ಮಲ್ಲಿ ಓಡುವ ಎಷ್ಟೋ ಸಣ್ಣ ಕಾರುಗಳಲ್ಲಿ ಮಟ್ಟದ ದೀಪವೂ ಇಲ್ಲ, ಬಿಸಿ ತೋರಿಸುವ ಮುಳ್ಳೂ ಇಲ್ಲ. ಬಿಸಿ ಏರಿದ ಮೇಲೆ ಹತ್ತುವ ಕೆಂಪು ದೀಪವೊಂದೇ. ಎಂದರೆ ಅಂಥ ಕಾರಿನಲ್ಲಿ ದೀಪ ಹತ್ತಿದಾಗ ಕೂಲೆಂಟ್ ಇಳಿಯಲು ಶುರುವಾಗಿ ಎಷ್ಟೋ ದಿನವಾಗಿರಬಹುದು.

ಮಟ್ಟದ ದೀಪ ಹತ್ತಿ, ಬಿಸಿ ಮಾಮೂಲಾಗಿದ್ದರೆ ಅನುಕೂಲವಾದ ಜಾಗ ನೋಡಿ ನಿಲ್ಲಿಸಿ ಪರೀಕ್ಷಿಸಲು ಸಮಯವಿದೆ. ಬಿಸಿಯ ಕೆಂಪು ದೀಪಕ್ಕೆ ಆ ಸಮಯವಿಲ್ಲ. ‘ಇಲ್ಲೇ ಎರಡು ಕಿಲೋಮೀಟರ್, ಭಾರತೀನಗರ ತಲುಪಿಬಿಡೋಣ’ ಎಂದು ಎಳೆಯುವುದೇ ಎಂಜಿನ್ನನ್ನು ಕೊಲ್ಲುವುದು. ಸಿಲಿಂಡರಿನೊಳಗೆ ಇಂಧನ ಉರಿಯುವಾಗ ಶಾಖ 2000 ಡಿಗ್ರಿ ದಾಟುತ್ತದೆ. ಮೇಲೆ ಮುಚ್ಚಿಕೊಂಡಿರುವ ಹೆಡ್ ಅಲ್ಯೂಮಿನಿಯಮ್ಮಿನದು, ಅದು ಕರಗುವುದು 660 ಡಿಗ್ರಿಗೆ. ಇಂಧನದಿಂದ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಕೂಲೆಂಟ್ ಹೊತ್ತೊಯ್ಯುವುದರಿಂದಲೇ ಅಲ್ಯೂಮಿನಿಯಂ ಉಳಿದುಕೊಂಡಿದೆ. ಆ ಹರಿವು ನಿಂತರೆ ಹೆಡ್ ಕರಗುವ ಮಾತಿರಲಿ, ಅದಕ್ಕಿಂತ ಎಷ್ಟೋ ಮೊದಲೇ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಅಷ್ಟು ಸಾಕು, ಹೆಡ್ಡಿನ ಅಡಿಯ ಸೀಲಾದ ಗ್ಯಾಸ್ಕೆಟ್ ಹೋಗಲು.

ನಿಲ್ಲಿಸಲು ಜಾಗವೇ ಇಲ್ಲದಿದ್ದರೆ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈ ಪ್ರಶ್ನೆ ನಿಜವಾಗಿಯೂ ಬರುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ದಾರಿಯಲ್ಲಿ ಮದ್ದೂರಿನವರು, ಮಂಡ್ಯದವರು ಹತ್ತು ವರ್ಷದ ಹಳೆಯ ಕಾರನ್ನೂ ಗಂಟೆಗೆ ನೂರರ ವೇಗದಲ್ಲಿ ಓಡಿಸುತ್ತಾರೆ. ಊರ ರಸ್ತೆಯಲ್ಲಿ ನಲವತ್ತು ಐವತ್ತರಲ್ಲಿ ಓಡುವಾಗ ತೋರದ ದೋಷ ಅಲ್ಲಿ ತೋರುತ್ತದೆ. ಅರ್ಧ ಕಟ್ಟಿಕೊಂಡ ರೇಡಿಯೇಟರ್ ನಿಧಾನದ ಓಟಕ್ಕೆ ಸಾಲುತ್ತದೆ, ಒಂದೇ ಸಮನೆ ನೂರರ ಓಟಕ್ಕೆ ಸಾಲುವುದಿಲ್ಲ. ಅಲ್ಲಿ ದೀಪ ಹತ್ತಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರನ್ನು ಜೋರಾಗಿ ಇಟ್ಟು, ಕಿಟಕಿ ಇಳಿಸಿ, ವೇಗ ತಗ್ಗಿಸಿ ಎಡಕ್ಕೆ ಬನ್ನಿ. ಕಾರಿನ ಹೀಟರ್ ಎನ್ನುವುದು ಇದೇ ಕೂಲೆಂಟ್ ಹರಿಯುವ ಪುಟ್ಟ ರೇಡಿಯೇಟರ್, ಸೀಟಿನ ಮುಂದೆ ಕೂತಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮೈ ಬೆಂದಂತಾಗುತ್ತದೆ ನಿಜ, ಆದರೆ ಆ ಬಿಸಿ ಎಂಜಿನ್ನಿನಿಂದ ಹೊರಬಂದದ್ದು. ಮೊದಲ ಸುರಕ್ಷಿತ ಜಾಗ ಸಿಗುವ ತನಕ ಮಾತ್ರ ಈ ಉಪಾಯ.

ಇನ್ನೊಂದು ವಿಷಯವನ್ನು ಓಡಿಸುವವರೆಲ್ಲ ತಿಳಿದಿರಬೇಕು. ಬಿಸಿ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಪೈಪು ಒಡೆದು ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರಿನ ಸುತ್ತ ಬರೀ ಆವಿ, ಗಾಳಿ. ಆಗ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಮೇಲೇರಿದ್ದ ಮುಳ್ಳು ಇದ್ದಕ್ಕಿದ್ದಂತೆ ಇಳಿದು, ಎಂಜಿನ್ನಿನ ಎಳೆತ ಕುಗ್ಗಿ, ಸಿಹಿ ಘಾಟು ಬಂದರೆ ‘ಸರಿಹೋಯಿತು’ ಎಂದುಕೊಳ್ಳದೆ ಕೂಡಲೇ ಕೀ ತಿರುಗಿಸಿ ಆಫ್ ಮಾಡಿ.

ಮುಚ್ಚಳಕ್ಕೆ ಕೈ ಹಾಕುವ ಮುನ್ನ

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಮುಖ, ಎದೆ, ಕೈ ಬೇಯಿಸಿಕೊಂಡವರು ನಮ್ಮ ಸುತ್ತಮುತ್ತ ಇದ್ದಾರೆ. ಒದ್ದೆ ಗೋಣಿಚೀಲ ಹಾಕಿ ತಿರುಗಿಸಿದರೆ ಏನೂ ಆಗುವುದಿಲ್ಲ ಎನ್ನುವ ಧೈರ್ಯ ಲಾರಿ, ಟ್ರ್ಯಾಕ್ಟರ್ ಕಾಲದಿಂದ ಬಂದದ್ದು. ಆ ಧೈರ್ಯವನ್ನು ಬಿಡುವುದು ಒಳ್ಳೆಯದು, ಏಕೆಂದರೆ ಒಳಗೆ ನಡೆಯುತ್ತಿರುವುದು ಸಾಮಾನ್ಯ ಕುದಿತವಲ್ಲ.

ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಎಂಜಿನ್ನಿನ ಮಾಮೂಲು ಶಾಖ 90ರ ಆಸುಪಾಸು, ಏರು ಹತ್ತುವಾಗ 100 ದಾಟುವುದೂ ಉಂಟು. ಹಾಗಾದರೆ ದಿನಾ ಕುದಿಯಬೇಕಲ್ಲ? ಕುದಿಯದಂತೆ ಕಾಯುವವು ಎರಡು. ಮೊದಲನೆಯದು ಮುಚ್ಚಳ. ಅದರೊಳಗೆ ಸ್ಪ್ರಿಂಗಿನ ವಾಲ್ವ್ ಇದೆ. ಸಾಮಾನ್ಯವಾಗಿ ವಾತಾವರಣದ ಒತ್ತಡದ ಮೇಲೆ ಇನ್ನೊಂದು ಅಷ್ಟೇ ಒತ್ತಡ ಏರುವವರೆಗೆ ಅದು ಬಿಗಿಯಾಗಿ ಮುಚ್ಚಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಕುದಿಯುವ ಬಿಂದು ಮೇಲೆ ಹೋಗುತ್ತದೆ. ಎರಡನೆಯದು ನೀರಿಗೆ ಬೆರೆತ ಎಥಿಲೀನ್ ಗ್ಲೈಕಾಲ್. ಎರಡೂ ಸರಿಯಿದ್ದರೆ ಕೂಲೆಂಟ್ 125 ಡಿಗ್ರಿಯ ಹತ್ತಿರದವರೆಗೂ ಕುದಿಯದೆ ದ್ರವವಾಗಿಯೇ ಉಳಿಯುತ್ತದೆ. ಬಿಸಿಯಲ್ಲಿ ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬಿದ್ದುಹೋಗುತ್ತದೆ. ಆಗ 110 ಡಿಗ್ರಿಯಲ್ಲಿದ್ದ ದ್ರವದ ಒಂದು ಭಾಗ ಒಮ್ಮೆಲೇ ಆವಿಯಾಗಿ, ಉಳಿದದ್ದನ್ನು ಹೊತ್ತುಕೊಂಡು ಮೇಲಕ್ಕೆ ಚಿಮ್ಮುತ್ತದೆ. ಗೋಣಿಚೀಲ ಅದನ್ನು ತಡೆಯಲಾರದು. ಎಂಜಿನ್ ಆರಿಸಿ ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ, ಬಾನೆಟ್ ತೆರೆದಿಡಿ, ದಪ್ಪ ರಬ್ಬರ್ ಪೈಪನ್ನು ಬಟ್ಟೆಯ ಮೇಲಿಂದ ಅಮುಕಿ ನೋಡಿ. ಪೈಪು ಇನ್ನೂ ಗಟ್ಟಿಯಾಗಿದ್ದರೆ ಒಳಗೆ ಒತ್ತಡವಿದೆ. ಮೆತ್ತಗಾಗಿ, ಮುಟ್ಟಿದರೆ ತಣ್ಣಗಿದ್ದ ಮೇಲೆಯೇ ಮುಚ್ಚಳ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಅಷ್ಟೇ ಅಪಾಯ, ಕಾದ ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು.

ಮುಚ್ಚಳದ ಬಗ್ಗೆ ಹೇಳಬೇಕಾದ್ದು ಇನ್ನೂ ಇದೆ. ಸ್ಪ್ರಿಂಗು ಸೋತ, ರಬ್ಬರ್ ಒಣಗಿದ ಮುಚ್ಚಳ ಒತ್ತಡವನ್ನು ಹಿಡಿದಿಡುವುದಿಲ್ಲ. ಎಲ್ಲ ಪೈಪೂ ಸರಿಯಿದ್ದು, ಎಲ್ಲೂ ಸೋರದೆ, ಏರಿನಲ್ಲಿ ಮಾತ್ರ ಕುದಿದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಮೊದಲ ಅನುಮಾನ ಮುಚ್ಚಳದ ಮೇಲೆ ಇರಲಿ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಬಿಡಿಭಾಗಗಳಲ್ಲಿ ಅದೊಂದು. ಬದಲಿಸುವಾಗ ಅದರ ಮೇಲೆ ಬರೆದ ಒತ್ತಡದ ಅಂಕಿ ಹಳೆಯದರದ್ದೇ ಆಗಿರಬೇಕು, ಕೂತರೆ ಸಾಕು ಎಂದು ಯಾವುದೋ ಗಾಡಿಯದನ್ನು ತಂದು ಹಾಕಬಾರದು.

ನಮ್ಮ ಬೋರ್ ನೀರು

ಮಂಡ್ಯದಲ್ಲಿ ಮಂಜುಗಡ್ಡೆ ಕಟ್ಟುವುದಿಲ್ಲ, ಹಾಗಾದರೆ ನಮಗೆ ಕೂಲೆಂಟ್ ಯಾಕೆ, ನೀರೇ ಸಾಕು ಎನ್ನುತ್ತಾರೆ. ಕೇಳಲು ಸರಿ ಎನಿಸುತ್ತದೆ. ಅರ್ಧ ಗ್ಲೈಕಾಲ್, ಅರ್ಧ ನೀರು ಬೆರೆತ ಕೂಲೆಂಟ್ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು. ಆ ಗುಣ ಲಡಾಖಿಗೆ ಬೇಕು, ಮಳವಳ್ಳಿಗೆ ಬೇಡ. ಮಳವಳ್ಳಿಗೆ ಬೇಕಾದ್ದು ಅದರ ಇನ್ನೆರಡು ಗುಣಗಳು: ಕುದಿಯುವ ಬಿಂದುವನ್ನು ಮೇಲೇರಿಸುವುದು, ಮತ್ತು ಲೋಹ ತುಕ್ಕು ಹಿಡಿಯದಂತೆ, ತಿಂದುಹೋಗದಂತೆ ಕಾಯುವುದು. ಎರಡನೆಯದನ್ನು ಮಾಡುವುದು ಕೂಲೆಂಟಿಗೆ ಸೇರಿಸಿರುವ ರಾಸಾಯನಿಕಗಳು. ಪ್ರತಿಸಲ ನೀರು ಬೆರೆಸಿದಾಗ ಅವು ತೆಳುವಾಗುತ್ತ ಹೋಗುತ್ತವೆ.

ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗ ನಮ್ಮದು. ಕನ್ನಂಬಾಡಿ ಕಟ್ಟೆ ತುಂಬಿದ ವರ್ಷವೂ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಎಷ್ಟೋ ಊರಿಗೆ ನೀರು ತಲುಪುವುದು ತಡವಾಗಿ. ಹಾಗಾಗಿ ಮನೆಗೂ ಹೊಲಕ್ಕೂ ಬೋರ್ ನೀರೇ ಗತಿ. ಆ ನೀರು ಹೇಗಿದೆ ಎಂದು ತಿಳಿಯಲು ಲ್ಯಾಬು ಬೇಡ. ಸ್ನಾನದ ಹಂಡೆಯ ಒಳಮೈ, ಸೋಲಾರ್ ಹೀಟರಿನ ಕೊಳವೆ, ನಲ್ಲಿಯ ಬಾಯಿ ನೋಡಿದರೆ ಬಿಳಿ ಪೊರೆ ಕಾಣುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟು ಕಾದಾಗ ಕಾರ್ಬನೇಟಾಗಿ ಬೇರ್ಪಟ್ಟು, ಅತಿ ಬಿಸಿಯಾದ ಲೋಹಕ್ಕೇ ಅಂಟಿಕೊಳ್ಳುತ್ತದೆ. ಎಂಜಿನ್ನಿನಲ್ಲಿ ಕೂಲೆಂಟ್ ಮುಟ್ಟುವ ಅತಿ ಬಿಸಿಯಾದ ಲೋಹ ಯಾವುದು? ಸಿಲಿಂಡರ್ ಹೆಡ್. ಬಿಸಿ ಎಲ್ಲಿಂದ ಬೇಗ ಹೊರಡಬೇಕೋ ಅಲ್ಲೇ ಸುಣ್ಣದ ಪದರ ಕೂತು ಬಿಸಿಯನ್ನು ತಡೆಹಿಡಿಯುತ್ತದೆ. ರೇಡಿಯೇಟರಿನ ಕೊಳವೆಗಳೋ ಬಹಳ ಸಣ್ಣವು, ಸ್ವಲ್ಪ ಪೊರೆ ಕಟ್ಟಿದರೂ ಮುಚ್ಚಿಹೋಗುತ್ತವೆ. ಮೊದಮೊದಲು ಇದ್ಯಾವುದೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬಾಟಲಿಯ ನೀರು ನೂರು ಸಲ ಒಳಗೆ ಹೋಗಿರುತ್ತದೆ.

ಇದನ್ನು ನಮ್ಮೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಕಾಗದಪತ್ರದಲ್ಲಿ ಭಾರತೀನಗರ, ಬಸ್ಸಿನವರ ಬಾಯಲ್ಲಿ ಕೆ.ಎಂ. ದೊಡ್ಡಿಯಾದ ಈ ಊರಿನ ನಡುವೆಯೇ ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ ಇದೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಬಾಯ್ಲರಿಗೆ ಬೋರ್ ನೀರನ್ನು ನೇರವಾಗಿ ಬಿಡುತ್ತಾರೆಯೇ ಎಂದು. ಬಿಡುವುದಿಲ್ಲ. ಲವಣ ತೆಗೆದ ನೀರು, ಆವಿ ತಣಿದು ಬಂದ ನೀರು ಮಾತ್ರ. ಕೊಳವೆಯೊಳಗೆ ಪೊರೆ ಕಟ್ಟಿದರೆ ಕೊಳವೆ ಕಾದು ಉಬ್ಬಿ ಒಡೆಯುತ್ತದೆ ಎಂಬುದು ಅವರಿಗೆ ಮೊದಲ ಪಾಠ. ಕಾರ್ಖಾನೆಯ ಗೇಟಿನ ಹೊರಗೆ ಕಬ್ಬಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಟ್ರ್ಯಾಕ್ಟರು, ಲಾರಿಗಳ ರೇಡಿಯೇಟರಿಗೂ ಅದೇ ಪಾಠ ಅನ್ವಯಿಸುತ್ತದೆ.

ದಾರಿಯಲ್ಲಿ ಸಿಕ್ಕಿಬಿದ್ದಾಗ ಏನು ಹುಯ್ಯಬೇಕು? ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಅತ್ಯುತ್ತಮ. ಅದೂ ಸಿಗದಿದ್ದರೆ ಊರೂರಿನಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು. ಲವಣದ ಬಹುಪಾಲನ್ನು ಅಲ್ಲಿ ತೆಗೆದಿರುತ್ತಾರೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಡಿಕ್ಕಿಯ ಬಾಟಲಿಯಲ್ಲಿ ನೀರು ಇಡಲೇಬೇಕೆಂದರೆ ಈ ನೀರು ಇಡಿ. ಏನೂ ಇಲ್ಲದ ಕಡೆ ಬೋರ್ ನೀರಾದರೂ ಸರಿ, ಬರಿದಾದ ಎಂಜಿನ್ ಓಡಿಸುವುದಕ್ಕಿಂತ ಮೇಲು. ಆದರೆ ಗ್ಯಾರೇಜು ತಲುಪಿದ ಮೇಲೆ ಅದನ್ನು ಪೂರ್ತಿ ಇಳಿಸಿ ಹೊಸ ಕೂಲೆಂಟ್ ತುಂಬಿಸಿ.

ಕೂಲೆಂಟ್ ಕೊಳ್ಳುವಾಗ ಬಣ್ಣ ನೋಡಿ ಮೋಸಹೋಗಬಾರದು. ಬಿಡದಿಯಿಂದ ಹೊರಬರುವ ಇನ್ನೋವಾದಲ್ಲಿ ಇರುವುದು ಗುಲಾಬಿ, ಹಲವು ಮಾರುತಿ ಕಾರುಗಳಲ್ಲಿ ನೀಲಿ, ಹಳೆಯ ಗಾಡಿಗಳಲ್ಲಿ ಹಸಿರು. ಬಣ್ಣವೆಂಬುದು ಕಂಪನಿ ಹಾಕಿದ ಡೈ ಅಷ್ಟೇ, ಒಂದೇ ಬಣ್ಣದ ಎರಡು ಕೂಲೆಂಟುಗಳ ರಸಾಯನ ಬೇರೆಯಿರಬಹುದು. ಹೊಂದದ ಎರಡನ್ನು ಬೆರೆಸಿದರೆ ಕೆಸರಿನಂಥ ಗಸಿ ಕೂರುವುದುಂಟು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಬಗೆಯನ್ನೇ ಕೇಳಿ ಕೊಳ್ಳಿ, ಡಬ್ಬಿಯ ಮೇಲೆ ಐಎಸ್ 5759 ಇದೆಯೇ ನೋಡಿ. ನೇರವಾಗಿ ಹುಯ್ಯುವಂಥದೋ ನೀರು ಬೆರೆಸಬೇಕಾದ ಗಟ್ಟಿ ಕೂಲೆಂಟೋ ಎಂಬುದನ್ನು ಓದಿಕೊಳ್ಳಿ. ಗಟ್ಟಿಯದನ್ನು ಹಾಗೇ ತುಂಬಿದರೆ ಹೆಚ್ಚು ಒಳ್ಳೆಯದೆಂದು ನಂಬುವವರಿದ್ದಾರೆ, ಅದು ತಪ್ಪು. ಬರೀ ಗ್ಲೈಕಾಲ್ ನೀರಿನಷ್ಟು ಬಿಸಿ ಹೊರಲಾರದು.

ತಣ್ಣನೆಯ ಬೆಳಗಿನ ಹುಡುಕಾಟ

ಸೋರಿಕೆ ಹುಡುಕಲು ಒಳ್ಳೆಯ ಹೊತ್ತು ಬೆಳಗಿನ ಜಾವ. ರಾತ್ರಿಯಿಡೀ ನಿಂತ ಎಂಜಿನ್ ತಣ್ಣಗಿರುತ್ತದೆ, ಕೆಳಗೆ ಹಾಸಿದ ಹಳೆಯ ರಟ್ಟಿನ ಮೇಲೆ ಬಿದ್ದ ಹನಿ ಕಾಣುತ್ತದೆ. ಹನಿ ಬಣ್ಣದ್ದಾಗಿದ್ದು ಜಿಡ್ಡುಜಿಡ್ಡಾಗಿದ್ದರೆ ಕೂಲೆಂಟ್. ಬರೀ ನೀರು ಹುಯ್ದ ಗಾಡಿಯಲ್ಲದಿದ್ದರೆ, ತಿಳಿನೀರು ಏಸಿಯದು, ಬಿಡಿ.

ಮೊದಲು ಮಟ್ಟ. ಬಾನೆಟ್ಟಿನೊಳಗೆ ಕೂಲೆಂಟಿಗೆಂದೇ ಇರುವ ಬಿಳಿ ಪ್ಲಾಸ್ಟಿಕ್ ಬಾಟಲಿಯ ಮೇಲೆ ಕನಿಷ್ಠ, ಗರಿಷ್ಠ ಎಂದು ಎರಡು ಗೆರೆಗಳಿವೆ. ರೇಡಿಯೇಟರಿನ ಮೇಲೆ ಬೇರೆ ಮುಚ್ಚಳವಿರುವ ಗಾಡಿಯಾದರೆ ಅದನ್ನೂ ತೆಗೆದು ನೋಡಲೇಬೇಕು. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿಯಿರುವುದು ಸಾಧ್ಯ. ಬಿಸಿಯಲ್ಲಿ ಉಬ್ಬಿ ಬಾಟಲಿಗೆ ಬಂದ ಕೂಲೆಂಟನ್ನು ತಣ್ಣಗಾದಾಗ ಮುಚ್ಚಳದ ಇನ್ನೊಂದು ಪುಟ್ಟ ವಾಲ್ವ್ ವಾಪಸು ಎಳೆದುಕೊಳ್ಳಬೇಕು. ಅದು ಕೆಟ್ಟರೆ ಹೋದದ್ದು ಬಾಟಲಿಯಲ್ಲೇ ಉಳಿಯುತ್ತದೆ. ಬಾಟಲಿ ನೋಡಿ ನೆಮ್ಮದಿಯಾಗಿ ಹೊರಟವರು ದಾರಿಯಲ್ಲಿ ಕುದಿಸಿಕೊಂಡು ನಿಲ್ಲುತ್ತಾರೆ.

ಮಟ್ಟ ಸರಿಯಾಗಿಯೇ ಇದ್ದು ಮಟ್ಟದ ದೀಪ ಮಾತ್ರ ಉರಿಯುತ್ತಿದ್ದರೆ ಸೆನ್ಸರನ್ನು ನೋಡಿ. ಕೆಲವು ಗಾಡಿಗಳಲ್ಲಿ ಬಾಟಲಿಯೊಳಗೆ ಅಯಸ್ಕಾಂತ ಹೊತ್ತ ತೇಲುಬಿರಡೆ ಇರುತ್ತದೆ, ಕೆಲವದರಲ್ಲಿ ಎರಡು ಲೋಹದ ಕಡ್ಡಿಗಳು. ಗಸಿ ಕೂತರೆ ಬಿರಡೆ ಸಿಕ್ಕಿಕೊಳ್ಳುತ್ತದೆ, ಕಡ್ಡಿಗಳು ಸುಳ್ಳು ಹೇಳುತ್ತವೆ. ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟಿರಬಹುದು. ತಂತಿಯನ್ನು ಇಲಿ ಕಡಿದಿರಬಹುದು. ಗದ್ದೆ, ಕಬ್ಬಿನ ತೋಟದ ಮಗ್ಗುಲಲ್ಲಿ ಮನೆಯಿರುವವರಿಗೆ ಇಲಿಯ ಕಾಟ ಹೇಳಬೇಕಾಗಿಯೇ ಇಲ್ಲ. ಎಂಜಿನ್ನಿನ ಬೆಚ್ಚಗಿನ ಮೂಲೆಗೆ ಬಂದು ತಂತಿಯನ್ನಷ್ಟೇ ಅಲ್ಲ, ರಬ್ಬರ್ ಪೈಪನ್ನೂ ಕಡಿಯುತ್ತವೆ. ದೀಪಕ್ಕೆ ಸೆನ್ಸರ್ ಕಾರಣ ಎಂದು ತೀರ್ಮಾನಿಸುವ ಮೊದಲು ಮಟ್ಟವನ್ನು ಕಣ್ಣಾರೆ ನೋಡಿರಬೇಕು, ಊಹೆಯ ಮೇಲೆ ಸೆನ್ಸರಿನ ತಂತಿ ಕೀಳುವುದು ಬೇಡ.

ಮಟ್ಟ ಇಳಿದಿದ್ದರೆ ಪೈಪುಗಳಿಂದ ಶುರುಮಾಡಿ. ಕ್ಲಿಪ್ ಕೂತ ಜಾಗದಲ್ಲಿ ಬಿಳಿ ಅಥವಾ ಬಣ್ಣದ ಪುಡಿ ಒಣಗಿ ಕೂತಿದ್ದರೆ ಅಲ್ಲಿ ಜಿನುಗಿದೆ. ಕೂಲೆಂಟ್ ಹೊರಬಂದ ಕಡೆ ನೀರು ಆರಿಹೋಗುತ್ತದೆ, ಪುಡಿ ಉಳಿಯುತ್ತದೆ. ಕೈಯಲ್ಲಿ ಅಮುಕಿದಾಗ ಚಟಚಟ ಎನ್ನುವ, ಇಲ್ಲವೇ ಉಬ್ಬಿ ಮೆತ್ತಗಾದ ಪೈಪನ್ನು ಬದಲಿಸಿ. ಆಮೇಲೆ ರೇಡಿಯೇಟರಿನ ಅಂಚು. ಈಗಿನ ರೇಡಿಯೇಟರಿನ ನಡುಭಾಗ ಅಲ್ಯೂಮಿನಿಯಂ, ಎರಡು ತುದಿಯ ತೊಟ್ಟಿಗಳು ಪ್ಲಾಸ್ಟಿಕ್. ಎರಡೂ ಸೇರುವ ಮಡಿಕೆಯಲ್ಲೇ ಸೋರಿಕೆ ಹೆಚ್ಚು. ವಾಟರ್ ಪಂಪಿನ ಕೆಳಗೆ ಬೇಕೆಂದೇ ಬಿಟ್ಟಿರುವ ಒಂದು ಸಣ್ಣ ತೂತಿದೆ. ಒಳಗಿನ ಸೀಲ್ ಸವೆದರೆ ಮೊದಲ ಹನಿ ಅಲ್ಲಿಂದ ಬರುತ್ತದೆ. ಅದನ್ನು ಕಂಡು ಎಂ-ಸೀಲ್ ಹಾಕಿ ತೂತು ಮುಚ್ಚುವುದು ಬಹಳ ದೊಡ್ಡ ತಪ್ಪು. ಪಂಪು ಬದಲಿಸುವ ಕಾಲ ಬಂತು ಎಂದು ಆ ತೂತೇ ಹೇಳುತ್ತಿದೆ. ಕೊನೆಗೆ ಕಾರಿನೊಳಗೆ, ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ಟು ಒದ್ದೆಯಾಗಿದೆಯೇ, ಗಾಜಿನ ಒಳಮೈಗೆ ಜಿಡ್ಡಿನ ಮಂಜು ಹಿಡಿಯುತ್ತಿದೆಯೇ ನೋಡಿ. ಹಿಡಿದಿದ್ದರೆ ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿದೆ.

ಇಷ್ಟು ನೋಡಿದರೂ ಸಿಗದಿದ್ದರೆ ಪ್ರೆಶರ್ ಟೆಸ್ಟ್. ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ, ತಣ್ಣನೆಯ ಎಂಜಿನ್ನಿನಲ್ಲೇ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತದೆಯೇ ಎಂದು ಕಾಯುವುದು. ಬಿಸಿಯಲ್ಲಿ ಮಾತ್ರ ಬಾಯಿಬಿಡುವ ಬಿರುಕು ಈಗ ತಣ್ಣಗಿದ್ದಾಗಲೇ ಹನಿಯುತ್ತದೆ. ಗ್ಯಾರೇಜಿಗೆ ಹೋದಾಗ ‘ಅಣ್ಣ, ಪ್ರೆಶರ್ ಟೆಸ್ಟ್ ಮಾಡಿ ಹೇಳಿ’ ಎಂದು ಬಾಯಿಬಿಟ್ಟು ಕೇಳಿ. ಆ ಪಂಪು ಇರುವ ಗ್ಯಾರೇಜು ಊಹೆಯ ಮೇಲೆ ನಿಮ್ಮಿಂದ ಬಿಡಿಭಾಗ ಕೊಳ್ಳಿಸಬೇಕಾಗಿಲ್ಲ.

ಹೊರಗೆ ಎಲ್ಲೂ ಸೋರಿಕೆಯಿಲ್ಲ, ಆದರೂ ಮಟ್ಟ ಇಳಿಯುತ್ತಿದೆ ಎಂದರೆ ಎಲ್ಲರೂ ಹೆದರುವ ಮಾತಿಗೆ ಬಂದೆವು: ಹೆಡ್ ಗ್ಯಾಸ್ಕೆಟ್. ತಣ್ಣನೆಯ ಎಂಜಿನ್ನಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುತ್ತಿವೆಯೇ? ಮುಚ್ಚಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಎಂಜಿನ್ ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಪೈಪು ಗಟ್ಟಿಯಾಗುತ್ತಿದೆಯೇ? ಸೈಲೆನ್ಸರಿನಿಂದ ಬಿಸಿಲೇರಿದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆಯೇ? ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆತ ಕಾಫಿಯಂಥ ಬಣ್ಣವಿದೆಯೇ? ಒಂದು ಎಚ್ಚರಿಕೆ: ಆಯಿಲ್ ತುಂಬುವ ಮುಚ್ಚಳದ ಕೆಳಗೆ ಮಾತ್ರ ಒಂಚೂರು ಕೆನೆ ಕಂಡರೆ ಗ್ಯಾಸ್ಕೆಟ್ ಹೋಯಿತೆಂದು ತೀರ್ಮಾನಿಸಬೇಡಿ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಒಳಗಿನ ತೇವವೂ ಹಾಗೆ ಕೂರುತ್ತದೆ. ಸಂಶಯ ನಿವಾರಣೆಗೆ ನೀಲಿ ದ್ರಾವಣದ ಪರೀಕ್ಷೆ ಇದೆ. ಕೂಲೆಂಟಿನ ಮೇಲಿನ ಗಾಳಿಯನ್ನು ಆ ದ್ರಾವಣದ ಮೂಲಕ ಎಳೆದಾಗ ಉರಿದ ಅನಿಲ ಬೆರೆತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚಿಸಲು ಒಪ್ಪುವ ಮೊದಲು ಈ ಪರೀಕ್ಷೆ ಮಾಡಿಸಿ. ಬಿಚ್ಚಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಬಾರದು. ಹೆಡ್ ಸೊಟ್ಟಗಿದೆಯೇ ಎಂದು ನೇರಪಟ್ಟಿ ಇಟ್ಟು ನೋಡಿ, ಬೇಕಿದ್ದರೆ ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ, ಬೋಲ್ಟುಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಲ್ಲಿ ಕೂರಿಸಬೇಕು. ಎಳೆದಷ್ಟು ಹಿಗ್ಗುವ ಬೋಲ್ಟುಗಳಾದರೆ ಹೊಸದೇ ಹಾಕಬೇಕು.

ಹುರುಳಿ ಕಣದ ಮೇಲೆ ಹೋದ ಕಾರು

ಕೂಲೆಂಟ್ ಒಂದು ಹನಿಯೂ ಇಳಿಯದೆ ಎಂಜಿನ್ ಬಿಸಿಯಾಗುವುದೂ ಇದೆ, ನಮ್ಮ ಕಡೆ ಇದಕ್ಕೊಂದು ಕಾಲವೇ ಇದೆ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಎಂದು. ಕಣ ಮಾಡಲು ಜಾಗವಿಲ್ಲದ, ಆಳು ಸಿಗದ ರೈತನ ಕಷ್ಟ ಅರ್ಥವಾಗುವಂಥದೇ. ಆದರೆ ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಎದ್ದ ಹೊಟ್ಟು ರೇಡಿಯೇಟರಿನ ಎಸಳುಗಳ ನಡುವೆ ತುಂಬಿಕೊಂಡು ಗಾಳಿಯನ್ನು ತಡೆಯುತ್ತದೆ. ಸೈಲೆನ್ಸರ್ ಕೊಳವೆಗೆ ತಗಲಿದ ಒಣಹುಲ್ಲು ಹೊತ್ತಿ ಕಾರು ಸುಟ್ಟ ಸುದ್ದಿಗಳೂ ಬಂದಿವೆ. ಕಬ್ಬು ಅರೆಯುವ ಕಾಲದಲ್ಲಿ ಟ್ರೈಲರುಗಳಿಂದ ಉದುರುವ ಒಣ ಗರಿಯದೂ ಇದೇ ಕಥೆ. ಅಂಥ ರಸ್ತೆಯಲ್ಲಿ ಹಾದುಬಂದ ದಿನ ಬಾನೆಟ್ ತೆಗೆದು ನೋಡಿ, ಅಡಿಗೆ ಬಗ್ಗಿ ನೋಡಿ. ರೇಡಿಯೇಟರನ್ನು ಎಂಜಿನ್ನಿನ ಕಡೆಯಿಂದ ಹೊರಗಿನ ಕಡೆಗೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವಿಸಿನ ಜೋರು ಪಂಪನ್ನು ಹತ್ತಿರ ಹಿಡಿದರೆ ಎಸಳುಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಓಡುವಾಗ ಸರಿಯಿದ್ದು ನಿಂತಾಗ, ಟೋಲಿನಲ್ಲಿ, ಸಂತೆಯ ದಟ್ಟಣೆಯಲ್ಲಿ ಬಿಸಿಯೇರುತ್ತದೆ ಎಂದರೆ ಹೆಚ್ಚಾಗಿ ಫ್ಯಾನ್ ತಿರುಗುತ್ತಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಏಸಿ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ಸ್ವಲ್ಪ ಹೊತ್ತಿನಲ್ಲೇ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರು, ಈ ಕ್ರಮದಲ್ಲಿ ನೋಡಿಸಿ. ಕೈ ಮಾತ್ರ ಹತ್ತಿರ ಬೇಡ, ಕೆಲವು ಕಾರುಗಳಲ್ಲಿ ಎಂಜಿನ್ ಆರಿದ ಮೇಲೂ ಫ್ಯಾನ್ ತಾನಾಗಿ ತಿರುಗಲು ತೊಡಗುತ್ತದೆ.

ಮಾದಪ್ಪನ ಬೆಟ್ಟದ ದಾರಿ ಇದೆಲ್ಲಕ್ಕೂ ಪರೀಕ್ಷೆ. ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟದಿಂದ ಏರು ಶುರು. ಐದು ಜನ, ಡಿಕ್ಕಿ ತುಂಬ ಪಾತ್ರೆ ಸಾಮಾನು, ಏಸಿ, ಫಸ್ಟ್ ಗೇರು. ಎಂಜಿನ್ ಜೋರಾಗಿ ದುಡಿಯುತ್ತಿದೆ, ಗಾಡಿ ನಿಧಾನ, ಹಾಗಾಗಿ ಎದುರಿನಿಂದ ಬರುವ ಗಾಳಿ ಕಡಿಮೆ. ಫ್ಯಾನ್, ಮುಚ್ಚಳ, ಕೂಲೆಂಟ್ ಮೂರೂ ಸರಿಯಿದ್ದರೆ ಮಾತ್ರ ತಿರುವುಗಳನ್ನು ದಾಟಿ ಮೇಲೆ ತಲುಪುತ್ತೀರಿ. ಹೊರಡುವ ಮುಂಚಿನ ದಿನವೇ ತಣ್ಣಗಿದ್ದಾಗ ಮಟ್ಟ ನೋಡಿಕೊಳ್ಳುವುದು ಅಲ್ಲಿ ಹೊಗೆಯಾಡುವ ಬಾನೆಟ್ಟಿನ ಮುಂದೆ ನಿಂತು ಹರಕೆ ಹೊರುವುದಕ್ಕಿಂತ ಸುಲಭ.

ಅರಿಶಿನವೂ ವಾಲ್ವೂ

ಹಳೆಯ ಡ್ರೈವರುಗಳು ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕುತ್ತಿದ್ದರು. ಪುಡಿ ಉಬ್ಬಿ ಸಣ್ಣ ತೂತಿಗೆ ಕೂತು ಊರು ತಲುಪಿಸುತ್ತಿತ್ತು. ಅಂಬಾಸಿಡರ್, ಮೆಟಡಾರ್ ಕಾಲದ ತಾಮ್ರ, ಹಿತ್ತಾಳೆಯ ರೇಡಿಯೇಟರಿಗೆ ಅದು ನಡೆಯಿತು. ಆ ರೇಡಿಯೇಟರನ್ನು ಬಿಚ್ಚಿ, ಕೊಳವೆಗಳಿಗೆ ಸಲಾಕೆ ಆಡಿಸಿ ಪೊರೆ ತೆಗೆದು, ಸೀಸದ ಬೆಸುಗೆ ಹಾಕಿ ಹೊಸದರಂತೆ ಮಾಡಿಕೊಡುವ ಕಸುಬುದಾರರು ಇದ್ದರು. ಅವರ ಕೈಕೆಲಸದ ಬಗ್ಗೆ ನನಗೆ ಅಪಾರ ಗೌರವ. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನ ರೇಡಿಯೇಟರಿಗೆ ಬೆಸುಗೆ ಸುಲಭವಾಗಿ ಕೂರದು. ಅರಿಶಿನವೋ, ಅಂಗಡಿಯ ಲೀಕ್ ಸ್ಟಾಪ್ ಪುಡಿಯೋ ಹಾಕಿದರೆ ತೂತಿನ ಜೊತೆಗೆ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುವ ಭಯವಿದೆ.

ಇನ್ನೊಂದು ಹಳೆಯ ಅಭ್ಯಾಸ ಇಂದೂ ನಡೆದಿದೆ. ಗಾಡಿ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಎಸೆಯುವುದು. ಅದರೊಳಗಿನ ಮೇಣ 80ರಿಂದ 90 ಡಿಗ್ರಿಯ ನಡುವೆ ಕರಗಿ ಹಿಗ್ಗಿ ರೇಡಿಯೇಟರಿನ ದಾರಿ ತೆರೆಯುತ್ತದೆ. ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಎಂಜಿನ್ ಬೇಯುತ್ತದೆ ನಿಜ, ಆಗ ಹೊಸದು ಹಾಕಬೇಕು. ಕಿತ್ತೇ ಬಿಟ್ಟರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಇಂಧನ ಹೆಚ್ಚು ಉರಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಸವೆತ ಹೆಚ್ಚುತ್ತದೆ.

ತುಂಬುವುದು, ಇಳಿಸಿದ್ದನ್ನು ಚೆಲ್ಲದಿರುವುದು

ದೋಷ ಸಿಕ್ಕಿ, ರಿಪೇರಿಯಾಗಿ, ಕೂಲೆಂಟ್ ತುಂಬುವ ಹೊತ್ತಿಗೆ ಅವಸರ ಬೇಡ. ಒಳಗೆ ಗಾಳಿ ಸಿಕ್ಕಿಕೊಂಡರೆ ಆ ಜಾಗಕ್ಕೆ ಕೂಲೆಂಟ್ ಹೋಗದೆ ಅಲ್ಲಿನ ಲೋಹ ಕಾಯುತ್ತದೆ, ಮೆಕ್ಯಾನಿಕ್‌ಗಳು ಹೇಳುವ ಏರ್ ಲಾಕ್ ಇದೇ. ನಿಧಾನವಾಗಿ ತುಂಬಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಹೀಟರನ್ನು ಬಿಸಿಗೆ ಇಟ್ಟು, ಫ್ಯಾನ್ ತಿರುಗಿ ನಿಲ್ಲುವವರೆಗೂ ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಮಟ್ಟ ಸರಿಮಾಡಬೇಕು. ಗಾಳಿ ಬಿಡುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ, ಕೈಪಿಡಿಯದನ್ನೇ ಅನುಸರಿಸಿ.

ಇಳಿಸಿದ ಹಳೆಯ ಕೂಲೆಂಟನ್ನು ನೆಲಕ್ಕೋ ಚರಂಡಿಗೋ ಬಿಡುವುದನ್ನು ನೋಡಿದಾಗಲೆಲ್ಲ ನನಗೆ ಕೋಪ ಬರುತ್ತದೆ. ಎಥಿಲೀನ್ ಗ್ಲೈಕಾಲ್ ವಿಷ, ಮತ್ತು ಅದರ ರುಚಿ ಸಿಹಿ. ಗ್ಯಾರೇಜಿನ ಮುಂದಿನ ಗುಂಡಿಯಲ್ಲಿ ನಿಂತದ್ದನ್ನು ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ, ಸ್ವಲ್ಪವೇ ಸಾಕು. ಹಸು, ಮೇಕೆ, ಅಂಗಳದಲ್ಲಿ ಆಡುವ ಮಗು ಯಾರನ್ನೂ ಅದು ಬಿಡುವುದಿಲ್ಲ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬಾರದು, ಹೆಸರು ಬರೆದ ಕ್ಯಾನಿನಲ್ಲಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಹಳೆಯ ಆಯಿಲ್ ಜೊತೆಗೆ ಬೆರೆಸದೆ, ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಡಬೇಕು. ಮಗು ಅಥವಾ ಪ್ರಾಣಿ ಕುಡಿದ ಅನುಮಾನ ಬಂದರೂ ಲಕ್ಷಣ ಕಾಣುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ರಿಪೇರಿಯಾದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಾಟಲಿಯ ಮೇಲೆ ಕೂಲೆಂಟ್ ನಿಂತಿರುವಲ್ಲಿಗೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೀಟು ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮಳವಳ್ಳಿಗೋ ಮಂಡ್ಯಕ್ಕೋ ಎಂದಿನಂತೆ ಓಡಾಡಿ, ಒಂದು ವಾರ ಕಳೆದು ಅದೇ ಹೊತ್ತಿಗೆ, ಅದೇ ಸಮತಟ್ಟಾದ ಜಾಗದಲ್ಲಿ ಮತ್ತೆ ನೋಡಿ. ಗಾಳಿ ಹೊರಹೋಗಿ ಮೊದಲೊಂದೆರಡು ದಿನ ಸ್ವಲ್ಪ ಇಳಿಯುವುದು ಸಹಜ. ಅದನ್ನು ಸರಿತುಂಬಿದ ಮೇಲೂ ಗೀಟಿನಿಂದ ಕೆಳಗೆ ಜಾರಿದರೆ ನೀರು ಹುಯ್ಯಬೇಡಿ. ಗೀಟು, ತಾರೀಖು ಎರಡನ್ನೂ ತೋರಿಸಿ, ಇಷ್ಟು ದಿನದಲ್ಲಿ ಇಷ್ಟು ಇಳಿದಿದೆ ಎಂದು ಹೇಳಿ, ಅದೇ ಗ್ಯಾರೇಜಿನಲ್ಲಿ ಮತ್ತೊಮ್ಮೆ ಪ್ರೆಶರ್ ಟೆಸ್ಟ್ ಮಾಡಿಸಿ.